ಕಣಜದ ಗೂಡು ಮತ್ತು ಡಾಲ್ಫಿನ್ ಟೈಲ್ಸು

ಹಳೆಯ ಚಿತ್ರಗಳನ್ನೂ ಹಳೆಯ ಕಟ್ಟಡಗಳನ್ನೂ ಹುಳುಹುಪ್ಪಟೆಯಿಂದ ಕಾಪಾಡುವುದು ನನ್ನ ಉದ್ಯೋಗ. ಕೇಳುವುದಕ್ಕೆ ಬಹಳ ಗಂಭೀರವಾಗಿದೆ. ಆದರೆ ಹುಳಗಳಿಗಾಗಲಿ, ಹುಳಗಳ ಪರವಾಗಿ ವಕಾಲತ್ತು ವಹಿಸುವ ಮನುಷ್ಯರಿಗಾಗಲಿ ಈ ಗಾಂಭೀರ್ಯದ ಪರಿವೆಯೇ ಇಲ್ಲ. ಹಾಗಾಗಿ ನಾನು ಕಾಲಿಟ್ಟ ಕಡೆಯೆಲ್ಲ ಏನಾದರೊಂದು ನಡೆಯುತ್ತದೆ. ಒಮ್ಮೆ ಬಳ್ಳಾರಿ ಕಡೆ ಆದಿಮಾನವರು ಗವಿಯ ಬಂಡೆಯ ಮೇಲೆ ಬರೆದ ಕೆಂಪು ಗೂಳಿಗೆ ಕಣಜದ ಹುಳ ಮಣ್ಣು ಮೆತ್ತಿದೆ ಎಂದು ಏಣಿ ಹತ್ತಿದ್ದೆ. ಸಾವಿರಾರು ವರ್ಷ ಬಾಳಿದ ಚಿತ್ರ, ಬ್ರಷ್ಷಿನ ತುದಿಯನ್ನಷ್ಟೇ ತಾಗಿಸುತ್ತಿದ್ದೆ. ಕೆಳಗಿನಿಂದ ಕುರಿ ಕಾಯುವವನೊಬ್ಬ ಕೂಗಿ ಕೇಳಿದ: "ಅಕ್ಕಾರ, ಗೂಳಿಗೆ ಉಣ್ಣಿ ಹತ್ತ್ಯಾವೇನ್ರೀ?"

ಅದು ದೂರದ ಮಾತಾಯಿತು. ಈಗ ಹೇಳಹೊರಟಿರುವುದು ನಮ್ಮ ಬೆಂಗಳೂರಿನ ಪೂರ್ವದಲ್ಲೇ, ಜೀವನ್ ಬಿಮಾ ನಗರದ ನನ್ನ ಮನೆಯಿಂದ ಒಂದು ಆಟೊ ದೂರದಲ್ಲಿ ನಡೆದದ್ದು. ಕೆ.ಆರ್. ಪುರದ ಆಚೆ ಒಂದು ಹಳ್ಳಿ. ಹಳ್ಳಿ ಎಂಬ ಹೆಸರಷ್ಟೇ ಉಳಿದಿದೆ. ಸುತ್ತ ಅಪಾರ್ಟ್‌ಮೆಂಟು, ಪಿ.ಜಿ., ನೀರಿನ ಟ್ಯಾಂಕರು. ಇವುಗಳ ನಡುವೆ ಒಂದು ಕಲ್ಲಿನ ಮಂಟಪ. ಅದರ ಒಳಗೋಡೆಯಲ್ಲಿ ಹಳೆಯ ಕಾಲದವರು ಗಾರೆಯ ಮೇಲೆ ಬರೆದ ಬಣ್ಣದ ಚಿತ್ರ: ಪೂಜೆಗೆ ಹೊರಟ ಹೆಂಗಸರ ಒಂದು ಉದ್ದನೆಯ ಸಾಲು. ಪಾಳೇಗಾರರ ಕಾಲದ್ದು ಅನ್ನುವವರೂ ಇದ್ದಾರೆ, ಅದಕ್ಕೂ ಹಿಂದಿನದು ಅನ್ನುವವರೂ ಇದ್ದಾರೆ. ನನಗೆ ಆ ಜಗಳ ಬೇಕಿಲ್ಲ. ಹಳೆಯದು, ಚೆನ್ನಾಗಿದೆ, ಹುಳ ಹಿಡಿದಿದೆ. ನನ್ನನ್ನು ಕಳಿಸುವುದಕ್ಕೆ ಅಷ್ಟು ಸಾಕು.

ಜೊತೆಗೆ ಬಂದವರು ಚಿತ್ರ ಸರಿಪಡಿಸುವ ನಮ್ಮ ಸಾಹೇಬರು. ಫ್ರೇಜರ್ ಟೌನಿನವರು, ಮೆದು ಮಾತು, ಮೆದು ಕೈ. ಗೋಡೆಯನ್ನು ನೋಡಿದೊಡನೆ ಅವರು ಪಿಸುಗುಟ್ಟಿದರು: "ಮೇಡಂ, ಇದು ಪೇಂಟಿಂಗ್ ಅಲ್ಲ, ಹಪ್ಪಳ. ಜೋರಾಗಿ ಉಸಿರು ಬಿಟ್ರೂ ಉದುರ್ತದೆ." ನಾನು ಜೋರಾಗಿ ಮಾತಾಡುವವಳು. ಅವತ್ತಿನಿಂದ ಆ ಮಂಟಪದೊಳಗೆ ನನ್ನ ಬಾಯಿಗೆ ಅವರು ಮಾಸ್ಕು ಹಾಕಿಸಿದರು.

೧. ಬಾಗಿಲಿನ ಎದೆಬಡಿತ

ಮಂಟಪಕ್ಕೆ ಒಂದು ದಪ್ಪನೆಯ ಮರದ ಬಾಗಿಲು. ಅದರ ಬುಡದಲ್ಲಿ ದಿನಾ ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಒಳಗೆ ಹುಳ ಕೊರೆಯುತ್ತಿದ್ದರೆ ಕಿವಿಗೊಟ್ಟು ಕೇಳಬಹುದು. ಅದಕ್ಕೆ ನನ್ನ ಚೀಲದಲ್ಲಿ ಸದಾ ಒಂದು ಸ್ಟೆತಾಸ್ಕೋಪು ಇರುತ್ತದೆ. ಅದನ್ನು ಕಿವಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಾಗಿಲಿನ ಎದೆ ಬೆನ್ನು ಎಲ್ಲ ಪರೀಕ್ಷೆ ಮಾಡಿ ತಿರುಗಿದರೆ ಜಗಲಿಯ ಮೇಲೆ ಹೆಂಗಸರ ಸಾಲು ಕೂತಿದೆ. ಎಲ್ಲರೂ ಸೆರಗು ಸರಿಮಾಡಿಕೊಂಡು ತಯಾರು.

ಸಾಲಿನ ಮೊದಲಿಗೆ ಒಬ್ಬರು ಅಜ್ಜಿ. ಮಂಟಪ ಯಾರ ಮನೆತನಕ್ಕೆ ಸೇರಿತ್ತೋ ಆ ಮನೆಯ ಹಿರಿಯರು ಇವರೇ. ಮುಂದೆ ನನ್ನ ಬಾಳನ್ನು ಇವರು ಏನೇನು ಮಾಡಲಿದ್ದಾರೆ ಎಂದು ಆಗ ನನಗೆ ಗೊತ್ತಿರಲಿಲ್ಲ.

"ಬಾಗ್ಲಿಗೆ ಏನಾಗಿದೆ?" ಎಂದರು.

"ಒಳಗೆ ಹುಳ ಕೊರೀತಾ ಇದೆ ಅಜ್ಜಿ."

"ನಂಗೂ ಮಂಡೀಲಿ ಹಂಗೇ ಕೊರೀತದೆ. ಇಲ್ಲಿಡು."

ದೊಡ್ಡವರ ಮಾತು ಮೀರಲಾದೀತೆ? ಇಟ್ಟೆ. ಅಜ್ಜಿ ಕಾಲು ಮಡಚಿ ನೀಡಿದರು. ಕಟಕಟ ಎಂದಿತು.

"ಏನು ಕೇಳ್ತು?"

"ಬಾಗಿಲಿಗಿಂತ ಜೋರಾಗೇ ಇದೆ ಅಜ್ಜಿ."

ಅಜ್ಜಿ ಹೆಮ್ಮೆಯಿಂದ ಹಿಂದೆ ಕೂತವರ ಕಡೆ ನೋಡಿದರು. ಇನ್ನು ಇಡೀ ಸಾಲಿನ ಮಂಡಿ, ಸೊಂಟ, ಎದೆ ನೋಡುವ ಕೆಲಸ ನನಗೇ ಬೀಳುತ್ತಿತ್ತು. ಅಷ್ಟರಲ್ಲಿ ಸಾಹೇಬರು ಮರದ ತೂತುಗಳಿಗೆ ಔಷಧಿ ಹಾಕಲು ಉದ್ದ ಸೂಜಿಯ ಸಿರಿಂಜನ್ನು ಚೀಲದಿಂದ ತೆಗೆದರು. ಮರುಗಳಿಗೆ ಜಗಲಿ ಖಾಲಿ. ಕೂತಲ್ಲೇ ಕೂತಿದ್ದವರು ಅಜ್ಜಿ ಒಬ್ಬರೇ.

"ನಂಗೆ ಬೇಡ," ಎಂದರು. "ಬಾಗ್ಲಿಗೇ ಹಾಕು. ಅದು ಅಳಾಕಿಲ್ಲ."

೨. ಫಸ್ಟ್ ಕ್ವಾಲಿಟಿ

ಅಜ್ಜಿಯ ಮಗನನ್ನು ಊರೆಲ್ಲ ಯಜಮಾನರು ಎನ್ನುತ್ತಿತ್ತು. ಅಪ್ಪನ ಕಾಲದಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರು ಲೇಡೀಸ್ ಪಿ.ಜಿ. ಬೆಳೆದಿದ್ದರು, ಮೂರು ಮಹಡಿ. ಒಳ್ಳೆಯ ಮನುಷ್ಯ, ಬಂದವರಿಗೆಲ್ಲ ಎಳನೀರು ಕೊಡಿಸುವವರು. ಆದರೆ ಸ್ವಚ್ಛತೆಯ ವಿಷಯದಲ್ಲಿ ಅವರದೇ ಒಂದು ಸಿದ್ಧಾಂತ: ಒದ್ದೆ ಬಟ್ಟೆಯಲ್ಲಿ ಒರೆಸಲು ಬಾರದ್ದೆಲ್ಲ ಗಲೀಜು.

"ಮೇಡಂ, ಈ ಗೋಡೆ ನೋಡಿದ್ರೆ ನಂಗೆ ಹೊಟ್ಟೆ ಉರೀತದೆ," ಎಂದರು. "ಹಾಳು ಹುಳ ಎಲ್ಲ ಕಡೆ ಮಣ್ಣು ಮೆತ್ತಿ ಇಟ್ಟಿದೆ. ಪಿ.ಜಿ. ಬಾತ್‌ರೂಮಿಗೆ ತರಿಸಿದ ಟೈಲ್ಸ್ ಒಂದು ರೂಮ್ ತುಂಬಾ ಮಿಕ್ಕಿದೆ. ಫಸ್ಟ್ ಕ್ವಾಲಿಟಿ. ನೆಲದಿಂದ ಸೂರಿನವರೆಗೂ ಹೊಡಿಸ್ಬಿಡ್ತೀನಿ. ಒರೆಸಿದ್ರೆ ಫಳಫಳ ಅನ್ಬೇಕು."

ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂಬ ಗಾದೆ ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮಂಟಪ ಅವರ ಮನೆತನದ್ದು, ಯಾವ ಸಂರಕ್ಷಿತ ಪಟ್ಟಿಗೂ ಇನ್ನೂ ಸೇರಿರಲಿಲ್ಲ. ಅವರು ಮನಸ್ಸು ಮಾಡಿದರೆ ತಡೆಯುವವರು ಯಾರೂ ಇಲ್ಲ. ಕೊನೆಗೆ ಅವರೇ ಒಂದು ದಾರಿ ಹೇಳಿದರು.

"ಯುಗಾದಿವರೆಗೆ ಟೈಮ್ ಕೊಡ್ತೀನಿ. ಹುಳ ಹೊಸ ಗೂಡು ಕಟ್ಟೋದು ನಿಲ್ಸಿ. ನಿಲ್ತೋ, ಗೋಡೆ ನಿಮ್ದು. ನಿಲ್ಲಿಲ್ವೋ, ಟೈಲ್ಸ್ ನಂದು."

ಸಾಹೇಬರು "ಟೈಲ್ಸ್ ಯಾವ ಡಿಸೈನು?" ಎಂದು ಕೇಳಿದರು. ಯಾಕೆ ಕೇಳಿದರೋ ದೇವರಿಗೇ ಗೊತ್ತು.

"ಡಾಲ್ಫಿನ್ ಸಾರ್. ನೀಲಿ ನೀರಿಂದ ಹಿಂಗೆ ಎಗರ್ತಾ ಇರೋ ಡಾಲ್ಫಿನ್."

ಸಾಹೇಬರು ಹತ್ತಿರದ ಕಲ್ಲಿನ ಮೇಲೆ ಕುಸಿದು ಕೂತರು. ಯಜಮಾನರಿಗೆ ಕನಿಕರ ಬಂತು. ಅವರ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು:

"ಗಾಬರಿಯಾಗ್ಬೇಡಿ ಸಾರ್. ಈಗ ಹೆಂಗಸ್ರು ಹೆಂಗೆ ಸಾಲಾಗಿ ಹೋಗ್ತಾ ಇದಾರೋ, ಡಾಲ್ಫಿನ್ನೂ ಹಂಗೇ ಸಾಲಾಗೇ ಹೊಡಿಸ್ತೀನಿ."

೩. ಹುಳಕ್ಕೆ ಆರತಿ

ಚಿತ್ರದ ಸಾಲಿನ ನಟ್ಟನಡುವೆ ಒಬ್ಬ ಹೆಂಗಸು. ಅವಳ ಮುಖ, ಮೂಗುತಿ, ಮುಡಿಗಟ್ಟು ಎಲ್ಲ ಕಾಣುತ್ತಿದ್ದವು. ಎದೆಯಿಂದ ಸೊಂಟದವರೆಗೆ ಮಾತ್ರ, ವರ್ಷವರ್ಷವೂ ಹಳೆಯದರ ಮೇಲೆ ಹೊಸದು ಮೆತ್ತಿದ ಒಂದು ದಪ್ಪ ಮಣ್ಣಿನ ಗೂಡು. ಅವಳ ಎಡಗೈ ಏನನ್ನೋ ಹಿಡಿದಿದೆ ಎಂದು ಗೊತ್ತಾಗುತ್ತಿತ್ತು. ಏನನ್ನು ಎಂಬುದು ಮಣ್ಣಿನಡಿ ಅಡಗಿತ್ತು. ಕೊಡ ಎಂದರು ಸಾಹೇಬರು. ಗಿಳಿ ಎಂದೆ ನಾನು. ಸೋತವರು ಫ್ರೇಜರ್ ಟೌನಿನ ಮಸೀದಿ ರಸ್ತೆಯ ಸಮೋಸಾ ಕೊಡಿಸುವುದೆಂದು ಪಂದ್ಯವಾಯಿತು.

ಗೂಡನ್ನು ಹೇಗೆ ಬಿಡಿಸುವುದು ಎಂದು ಸಾಹೇಬರು ಒಂದು ತೆಳು ಬ್ರಷ್ ಹಿಡಿದು ಹತ್ತಿರ ಹೋದರಷ್ಟೆ. ಬಾಗಿಲಿನಿಂದ ಗುಡುಗು ಬಂತು.

"ಏಯ್! ಕೈ ತೆಗಿ!"

ಅಜ್ಜಿ. ಕೈಯಲ್ಲಿ ಊರುಗೋಲು ಇತ್ತು, ಆದರೆ ಊರಿಕೊಂಡಿರಲಿಲ್ಲ.

"ಕಣಜದ ಹುಳ ಗೂಡು ಕಟ್ಟಿದ್ರೆ ಆ ಮನೇಲಿ ಮಗು ಹುಟ್ತದೆ. ಇದು ನಮ್ಮನೆ ಮಂಟಪ. ನನ್ನ ಮೊಮ್ಮಗನ ಮದ್ವೆಯಾಗಿ ಎರಡು ದೀಪಾವಳಿ ಆಯ್ತು. ಈಗ ತಾನೇ ಹುಳ ಕಣ್ಣು ಬಿಟ್ಟು ನೋಡಿದೆ. ನೀವು ಕೆಡವ್ತೀರಾ?"

ಮಾರನೆಯ ದಿನ ಬಂದು ನೋಡಿದರೆ ಗೂಡಿಗೆ ಕುಂಕುಮ. ಅದರ ಮಾರನೆಯ ದಿನ ಮಲ್ಲಿಗೆ ದಂಡೆ. ಆಮೇಲೆ ಎಣ್ಣೆ ದೀಪ, ದೀಪದ ಹೊಗೆ, ಹೊಗೆಯ ಮಸಿ. ಪಕ್ಕದ ಬೀದಿಯವರೂ ಬಂದು ಕೈಮುಗಿಯತೊಡಗಿದರು. ಸಾಹೇಬರು ಕಣ್ಣಲ್ಲಿ ನೀರು ತಂದುಕೊಂಡು, "ಮೇಡಂ, ಹುಳ ವರ್ಷಗಟ್ಟಲೆ ಕೂತು ಮಾಡಿದ್ದನ್ನ ಇವರು ಒಂದು ವಾರದಲ್ಲಿ ಮಾಡಿ ಮುಗಿಸ್ತಾರೆ," ಎಂದರು.

ನಾನು ನೇರವಾಗಿ ಅಜ್ಜಿಯ ಬಳಿಗೆ ಹೋದೆ. "ಅಜ್ಜಿ, ಗೂಡಿನೊಳಗೆ ಮರಿ ಇದೆ. ಈ ಹೊಗೆಗೆ ಅದಕ್ಕೆ ಉಸಿರು ಕಟ್ಟಲ್ವಾ?" ಎಂದೆ. ಅದು ನಿಜವೂ ಹೌದು, ನನಗೆ ಅನುಕೂಲವೂ ಹೌದು. ಅಜ್ಜಿ ಎದ್ದು ನಿಂತರು. ದೀಪ, ಕುಂಕುಮ, ಊದುಬತ್ತಿ ಎಲ್ಲ ಹೊಸಿಲಿನಾಚೆ ಹೋದವು. ಹೂವೂ ಹೊಸಿಲಿಗೇ. ಊರಿನ ಪೂಜಾರಪ್ಪ ಮರೆತು ಧೂಪದ ಬಟ್ಟಲು ಹಿಡಿದು ಒಳಗೆ ಬರಹೊರಟಾಗ ಅಜ್ಜಿ ಅವರನ್ನು ಬಾಗಿಲಲ್ಲೇ ತಡೆದರು.

"ಏನಪ್ಪಾ, ಅಷ್ಟೂ ಗೊತ್ತಿಲ್ವಾ ನಿಂಗೆ? ಹೊಗೆ ಹಾಕೋದು ಹೆತ್ತ ಮೇಲೆ!"

೪. ರೇಷನ್ನು

ವಿಜ್ಞಾನದಿಂದ ಅಜ್ಜಿಯ ಮನಸ್ಸು ತಿರುಗಿಸಬಹುದು ಎಂಬ ದುರಾಸೆ ನನಗಿತ್ತು. ಒಂದು ಮಧ್ಯಾಹ್ನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೇರೊಂದು ಕಡೆ ಉದುರಿ ಬಿದ್ದಿದ್ದ ಹಳೆಯ ಗೂಡನ್ನು ಒಡೆದು ತೋರಿಸಿದೆ. ಒಳಗೆ ಸಾಲು ಸಾಲು ಕೋಣೆ, ಕೋಣೆಯಲ್ಲಿ ಒಣಗಿದ ಜೇಡಗಳು.

"ನೋಡಿ ಅಜ್ಜಿ, ಈ ತಾಯಿಹುಳ ಎಂಥ ಕಟುಕಿ ಅಂತ. ಜೇಡಗಳನ್ನ ಹಿಡಿದು ಕುಟುಕುತ್ತೆ. ಅವು ಸಾಯಲ್ಲ, ಅಲ್ಲಾಡೋಕೂ ಆಗಲ್ಲ. ಹಾಗೇ ತಂದು ಕೋಣೆಯೊಳಗೆ ತುಂಬಿ, ಒಂದು ಮೊಟ್ಟೆ ಇಟ್ಟು, ಬಾಗಿಲಿಗೆ ಮಣ್ಣು ಮೆತ್ತಿ ಹೊರಟುಹೋಗುತ್ತೆ. ಮರಿ ಹುಟ್ಟಿ ಆ ಜೇಡಗಳನ್ನ ತಿನ್ನುತ್ತೆ. ಇದನ್ನ ಪೂಜೆ ಮಾಡ್ತೀರಾ?"

ಅಜ್ಜಿ ಬಾಯಿ ತೆರೆದು ಕೇಳಿದರು. ಒಂದೊಂದು ಕೋಣೆಯನ್ನೂ ಬೆರಳಿನಲ್ಲಿ ಮುಟ್ಟಿ ನೋಡಿದರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವರ ಮೊಮ್ಮಗ ಗಾಡಿ ನಿಲ್ಲಿಸಿ ಒಳಗೆ ಬಂದ.

"ಬಾರೋ ಇಲ್ಲಿ!" ಎಂದರು ಅಜ್ಜಿ. "ನೋಡ್ಕೋ. ಹುಳ! ಮಗು ಹುಟ್ಟೋಕೆ ಮುಂಚೆ ಕೋಣೆ ಕಟ್ಟಿ, ರೇಷನ್ ತುಂಬಿ, ಬಾಗ್ಲು ಭದ್ರ ಮಾಡಿ ಹೋಗಿದೆ. ನೀನು ಇನ್ನೂ ಗ್ಯಾಸ್ ಬುಕ್ ಮಾಡೋದೇ ಮರೀತೀಯ!"

ಸೋತ ಸಿಟ್ಟಿಗೆ ನಾನು ಗೂಡಿನ ಚೂರುಗಳನ್ನು ಚೀಲಕ್ಕೆ ಹಾಕಿಕೊಂಡೆ. ಅಜ್ಜಿ ಬಿಡಲಿಲ್ಲ. "ನಿಂಗೆ ಮಕ್ಕಳೆಷ್ಟು? ಆಗ ನಿಮ್ಮನೇಲಿ ಗೂಡು ಕಟ್ಟಿತ್ತಾ?"

"ಇಲ್ಲಪ್ಪ, ಇಲ್ಲ," ಎಂದೆ. ನನ್ನ ಮಗಳು ಹುಟ್ಟಿದ ವರ್ಷ ನಮ್ಮ ಕರೆಂಟ್ ಮೀಟರ್ ಡಬ್ಬಿಯೊಳಗೆ ಕಣಜ ಗೂಡು ಕಟ್ಟಿದ್ದು ನನಗೂ ನನ್ನ ಗಂಡನಿಗೂ ಮಾತ್ರ ಗೊತ್ತು. ನನ್ನ ಗಂಡನನ್ನು ನಾನು ಇವತ್ತಿನವರೆಗೂ ಆ ಮಂಟಪಕ್ಕೆ ಕರೆದುಕೊಂಡು ಹೋಗಿಲ್ಲ.

೫. ಯಾಕೆ ರಿಸ್ಕು?

ಮೊಮ್ಮಗನ ಹೆಂಡತಿ ಮಾರತ್ತಹಳ್ಳಿಯ ಒಂದು ಕಂಪನಿಯಲ್ಲಿ ಇಂಜಿನಿಯರು. ಚುರುಕಾದ ಹುಡುಗಿ. ಒಂದು ದಿನ ಊಟದ ಹೊತ್ತಿನಲ್ಲಿ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟೂ ತೆಗೆಯದೆ ನನ್ನನ್ನು ಮಂಟಪದ ಹಿಂದಕ್ಕೆ ಕರೆದಳು.

"ಮೇಡಂ, ಅಜ್ಜಿಗೆ ಹೇಳ್ಬಾರ್ದು. ಮಗು ಆಗ್ತಿಲ್ಲ ಅಂತಲ್ಲ. ಸದ್ಯಕ್ಕೆ ಬೇಡ ಅಂತ ನಾವೇ ಇದ್ದೀವಿ. ನಂಗೆ ಈ ಸಲ ಪ್ರಮೋಷನ್ ಬರೋದಿದೆ."

"ಒಳ್ಳೇದಾಯ್ತಮ್ಮ. ಅದಕ್ಕೆ ನಾನೇನು ಮಾಡ್ಲಿ?"

"ಆ ಗೂಡು ತೆಗೆದುಬಿಡಿ."

ನಾನು ಅವಳ ಹೆಲ್ಮೆಟ್ಟಿನೊಳಗೆ ಬಗ್ಗಿ ನೋಡಿದೆ. "ನೀನೂ ಇದನ್ನ ನಂಬ್ತೀಯಾ?"

"ಛೇ, ಇಲ್ಲ ಮೇಡಂ! ನಾನು ಇಂಜಿನಿಯರು." ಅವಳು ಆಚೆ ಈಚೆ ನೋಡಿದಳು. "ಆದ್ರೂ, ಊರಿನವರೆಲ್ಲ ಸೇರಿ ದಿನಾ ಕೈ ಮುಗೀತಿದಾರೆ. ಯಾಕೆ ರಿಸ್ಕು?"

ನೋಡೋಣ ಎಂದು ಕಳಿಸಿದೆ. ಸಂಜೆ ಅವಳ ಗಂಡ ಬಂದ. ಅವನೂ ನನ್ನನ್ನು ಮಂಟಪದ ಹಿಂದಕ್ಕೇ ಕರೆದ. ಅವನೂ ಆಚೆ ಈಚೆ ನೋಡಿದ.

"ಮೇಡಂ, ನನ್ನ ಹೆಂಡ್ತಿಗೆ ಹೇಳ್ಬೇಡಿ," ಎಂದ. "ಆ ಗೂಡಿಗೆ ಏನೂ ಆಗ್ದಂಗೆ ನೋಡ್ಕೊಳ್ಳಿ."

೬. ಕಾರ್ನರ್ ಸೈಟು

ಅತ್ತ ದರಿ, ಇತ್ತ ಪುಲಿ. ಇರುವ ಗೂಡನ್ನು ಮುಟ್ಟುವಂತಿಲ್ಲ; ಹೊಸ ಗೂಡು ಬಂದರೆ ಡಾಲ್ಫಿನ್ನು. ಚಿತ್ರದ ಮೇಲೆ ಕೀಟನಾಶಕ ಹೊಡೆಯುವ ಮಾತೇ ಇಲ್ಲ, ಹುಳಕ್ಕಿಂತ ಮುಂಚೆ ಬಣ್ಣ ಸಾಯುತ್ತದೆ. ಯುಗಾದಿ ಹತ್ತಿರವಾಗುತ್ತಿತ್ತು. ಹಟ ಹಿಡಿದು ನಾನು ಮಂಟಪದ ಬಾಗಿಲಲ್ಲಿ ಕೂತು ಕಣಜಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ನೋಡತೊಡಗಿದೆ.

ಗುಟ್ಟು ಬಯಲಾಯಿತು. ಮಂಟಪದ ಪಕ್ಕದಲ್ಲೇ ಯಜಮಾನರ ಬೋರ್‌ವೆಲ್ಲು. ಅಲ್ಲಿ ಟ್ಯಾಂಕರು ತುಂಬಿಸುವ ಪೈಪು ಯಾವಾಗಲೂ ಸೋರುತ್ತಿತ್ತು. ನೆಲ ಸದಾ ಕೆಸರು. ಹುಳಗಳಿಗೆ ಹದವಾದ ಮಣ್ಣು ಬಾಗಿಲಲ್ಲೇ ಸಿಗುತ್ತಿತ್ತು. ಉಂಡೆ ಕಟ್ಟುವುದು, ಒಳಗೆ ಹಾರುವುದು, ಮೆತ್ತುವುದು. ಹುಳವನ್ನು ಬೈಯುತ್ತಿದ್ದ ಯಜಮಾನರೇ ಅದಕ್ಕೆ ಗಾರೆ ಕಲಸಿ ಕೊಡುತ್ತಿದ್ದರು! ಹೋಗಿ ಹೇಳಿದೆ. ಪಾಪ, ಅವತ್ತೇ ಪ್ಲಂಬರನ್ನು ಕರೆಸಿ ಸೋರಿಕೆ ನಿಲ್ಲಿಸಿದರು. ಮಂಟಪದ ಕಿಂಡಿಗಳಿಗೆ ನಾವು ಸಣ್ಣ ಕಣ್ಣಿನ ಬಲೆ ಕಟ್ಟಿದೆವು.

ಆದರೆ ಕಟ್ಟಲೇಬೇಕಾದ ಹುಳ ಎಲ್ಲಿಯಾದರೂ ಕಟ್ಟುತ್ತದೆ. ಅದಕ್ಕೆ ಬೇರೆ ಜಾಗ ತೋರಿಸಬೇಕು. ನಾನು ಅಜ್ಜಿಯ ಮನೆಗೆ ಹೋಗಿ, ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡೆ.

"ಅಜ್ಜಿ, ಮಂಟಪದಲ್ಲಿ ಗೂಡು ಕಟ್ಟಿದ್ರೆ ಅದರ ಫಲ ಊರಿಗೆಲ್ಲ ಹಂಚಿಹೋಗಲ್ವಾ? ನಿಮ್ಮ ಜಗಲೀಲೇ ಕಟ್ಟಿದ್ರೆ?"

ಅಜ್ಜಿಯ ಲೋಟ ಅರ್ಧ ದಾರಿಯಲ್ಲಿ ನಿಂತಿತು. "ಹೌದಲ್ವಾ! ಅದಕ್ಕೇನೇ ಎದುರುಮನೆಯವಳು ಸೊಸೇನ ಕರ್ಕೊಂಡು ಬಂದು ದಿನಾ ನಿಲ್ಲಿಸ್ತಾಳೆ!"

ಹಿತ್ತಿಲಲ್ಲಿ ಒಡೆದ ಬಾನಿಯೊಳಗೆ ಕೆಮ್ಮಣ್ಣು ಕಲಸಿಟ್ಟು ಒದ್ದೆಯಾಗಿರಿಸಿದೆವು. ಜಗಲಿಯ ಸೂರಿನಡಿ ಹಳೆಯ ಮಡಕೆಗಳನ್ನು ಅಡ್ಡಡ್ಡ ತೂಗುಹಾಕಿದೆವು: ನೆರಳು, ಬೆಚ್ಚಗೆ, ಗಾಳಿಯಿಲ್ಲ. ಅಜ್ಜಿ ಒಂದೇ ಷರತ್ತು ಹಾಕಿದರು. ಮಂಟಪದ ಗೂಡಿನ ಮರಿಗಳು ಹಾರಿಹೋಗುವ ತನಕ ಅದನ್ನು ಮುಟ್ಟಬಾರದು. ಒಪ್ಪಿದೆ. ಕೆಲವೇ ದಿನಗಳಲ್ಲಿ ಕಣಜಗಳ ಹಾರಾಟ ಅಜ್ಜಿಯ ಹಿತ್ತಿಲ ಕಡೆಗೆ ತಿರುಗಿತು. ಮಂಟಪದ ಗೋಡೆಗೆ ಒಂದು ಹೊಸ ಉಂಡೆ ಮಣ್ಣೂ ಬೀಳಲಿಲ್ಲ.

ಸಾಹೇಬರು ಹಿತ್ತಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಕ್ಯಾ ಮೇಡಂ," ಎಂದರು, "ನಾನು ಸರ್ವಿಸೆಲ್ಲ ಮುಗಿಸ್ತಾ ಬಂದೆ, ಒಂದು ಸೈಟ್ ಮಾಡ್ಕೊಳ್ಳೋಕಾಗ್ಲಿಲ್ಲ. ಈ ಹುಳಗಳಿಗೆ ಕಾರ್ನರ್ ಸೈಟು, ನೀರಿನ ಕನೆಕ್ಷನ್ ಸಮೇತ!"

೭. ಮೂರನೇ ಮಹಡಿ

ಹುಳಗಳಿಗೆ ಸೈಟು ಇಷ್ಟವಾಯಿತು, ಅಜ್ಜಿಯ ಮಡಕೆಗಳು ಇಷ್ಟವಾಗಲಿಲ್ಲ. ಹಿತ್ತಿಲ ಗೋಡೆಯ ಆಚೆಗೇ ಯಜಮಾನರ ಲೇಡೀಸ್ ಪಿ.ಜಿ. ಅದರ ಕಿಟಕಿಗಳ ಮೇಲೆ ಒರಟು ಸಿಮೆಂಟಿನ ಸಜ್ಜೆ. ಯಾರೂ ಕೈ ಹಾಕದ ಮೂಲೆಗಳು. ಮಣ್ಣು ಅಜ್ಜಿಯ ಬಾನಿಯಿಂದ, ಮನೆ ಪಿ.ಜಿ.ಯ ಕಿಟಕಿಯಲ್ಲಿ. ಕೆಳಗಿನಿಂದ ಮೂರನೇ ಮಹಡಿಯವರೆಗೆ ಗೂಡೋ ಗೂಡು.

ನನಗೆ ಇದು ಗೊತ್ತಾದದ್ದು ಯಜಮಾನರು ಏದುಸಿರು ಬಿಡುತ್ತಾ ಮಂಟಪಕ್ಕೆ ಓಡಿ ಬಂದಾಗ.

"ಮೇಡಂ, ನನ್ನ ಪಿ.ಜಿ. ಮುಳುಗೋಯ್ತು!"

ನಡೆದದ್ದು ಇಷ್ಟು. ಸೇಲಂ ಕಡೆಯ ಒಬ್ಬ ಹುಡುಗಿ ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ದಾಳೆ. ಮಗಳ ತಲೆಯ ಹಿಂದೆ, ಕಿಟಕಿಯ ಮೂಲೆಯಲ್ಲಿ, ಅಮ್ಮನಿಗೆ ಗೂಡು ಕಂಡಿದೆ. ನಮ್ಮ ಅಜ್ಜಿಗಿದ್ದ ನಂಬಿಕೆಯೇ ಆ ಕಡೆಯೂ ಇದೆ. ಬೆಳಗಾಗುವಷ್ಟರಲ್ಲಿ ಆಕೆ ಬಸ್ಸಿಳಿದು ಬಾಗಿಲಲ್ಲಿ ನಿಂತು, "ಉಣ್ಮೈಯ ಸೊಲ್ಲುಡಿ!" ಎಂದು ಮಗಳನ್ನು ಗದರುತ್ತಿದ್ದರು, ನಿಜ ಹೇಳೇ ಎಂದು. ಮಗಳಿಗೆ ಏನು ನಿಜ ಹೇಳಬೇಕೆಂದೇ ತಿಳಿಯದು. ಆ ಗಲಾಟೆಗೆ ಅಜ್ಜಿ ಹತ್ತಿ ಹೋಗಿದ್ದಾರೆ. ಸಮಾಧಾನ ಹೇಳುವ ಬದಲು, ಪ್ರತಿ ಕಿಟಕಿಯನ್ನೂ ನೋಡಿ ಸಂತೋಷದಿಂದ ಕೈ ತಟ್ಟಿದ್ದಾರೆ.

"ಅಯ್ಯೋ ನನ್ನ ಕಂದಮ್ಮಗಳಿರಾ! ಈ ರೂಮಲ್ಲಿ ಎರಡು ಗೂಡು, ಜೋಡಿ ಮಕ್ಕಳು!"

ಆ ರೂಮಿನಲ್ಲಿದ್ದ ಹುಡುಗಿಯರು ಆಗಲೇ ಬ್ಯಾಗು ತುಂಬತೊಡಗಿದ್ದರಂತೆ.

"ನೀವು ಕರ್ಕೊಂಡು ಬಂದಿದ್ದು, ನೀವೇ ವಾಪಸ್ ಕರ್ಕೊಂಡು ಹೋಗಿ," ಎಂದರು ಯಜಮಾನರು.

"ಎಲ್ಲಿಗೆ?"

"ಮಂಟಪಕ್ಕೇ!"

"ಮಂಟಪದಲ್ಲಿ ಟೈಲ್ಸ್ ಹಾಕ್ತೀನಿ ಅಂದಿದ್ರಲ್ಲ ನೀವು. ನುಣ್ಣಗಿರೋ ಟೈಲ್ಸಿಗೆ ಮಣ್ಣು ಸರಿಯಾಗಿ ಹಿಡಿಯಲ್ಲ."

ಆಣೆ ಮಾಡಿ ಹೇಳುತ್ತೇನೆ, ನಾನು ಯೋಚಿಸಿ ಆಡಿದ ಮಾತಲ್ಲ ಅದು. ಸಿಟ್ಟಿಗೆ ಬಾಯಿಂದ ಬಂತು. ಬಂದ ಮೇಲೆ ನಾನೂ ಸಾಹೇಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಜಮಾನರ ಕಣ್ಣಲ್ಲೂ ಏನೋ ಹೊಳೆಯಿತು.

"ಹಿಡಿಯಲ್ವಾ?"

"ಕಷ್ಟ. ಜಾರುತ್ತೆ."

ಅವತ್ತೇ ಹಲಸೂರಿನಿಂದ ಟೈಲ್ಸ್ ಮೇಸ್ತ್ರಿ ಬಂದ. ಪಿ.ಜಿ.ಯ ಪ್ರತಿ ಕಿಟಕಿಯ ಸುತ್ತಲೂ, ಸಜ್ಜೆಯ ಅಡಿಗೂ, ಮೂರು ಮಹಡಿಗೂ ಡಾಲ್ಫಿನ್ನುಗಳು ಎಗರಿದವು. ಕೊನೆಯ ಸಾಲಿಗೆ ಟೈಲ್ಸ್ ಸಾಲದೆ ಅಂಗಡಿಗೆ ಫೋನ್ ಮಾಡಿದರೆ ಆ ಡಿಸೈನು ಈಗ ಬರುವುದೇ ಇಲ್ಲವಂತೆ. ಈ ಸುದ್ದಿ ಕೇಳಿ ಸಾಹೇಬರು ಮಂಟಪದ ಹಿಂದೆ ಹೋಗಿ ಎರಡೂ ಕೈ ಮೇಲೆತ್ತಿ ಒಂದು ಸುತ್ತು ಕುಣಿದರು. ನಾನು ನೋಡಲಿಲ್ಲವೆಂದು ಅವರು ತಿಳಿದಿದ್ದಾರೆ.

ಹುಡುಗಿಯರು ಬ್ಯಾಗು ಬಿಚ್ಚಿ ಡಾಲ್ಫಿನ್ನುಗಳ ಮುಂದೆ ಸೆಲ್ಫಿ ತೆಗೆದುಕೊಂಡರು. ಸೇಲಂನ ತಾಯಿಯನ್ನು ಸಮಾಧಾನಪಡಿಸಲು ನಾನೇ ಹೋದೆ. ಕಿಟಕಿಯಿಂದ ತೆಗೆದ ಗೂಡನ್ನು ಅವರ ಕಣ್ಣೆದುರೇ ಎಸೆಯೋಣವೆಂದು ಕೈಗೆ ತೆಗೆದುಕೊಂಡೆ. ಆಕೆ ಥಟ್ಟನೆ ನನ್ನ ಕೈ ಹಿಡಿದರು. ಗೂಡನ್ನು ಜೋಪಾನವಾಗಿ ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡು, ನನ್ನ ಕಿವಿಯಲ್ಲಿ ತಮಿಳಿನಲ್ಲೇ ಹೇಳಿದರು:

"ಊರಲ್ಲಿ ದೊಡ್ಡ ಮಗಳಿದಾಳೆ. ಅವಳಿಗೆ ಮದ್ವೆಯಾಗಿದೆ."

೮. ಗೂಡು ಬಿಚ್ಚಿದ ದಿನ

ಯುಗಾದಿ ಕಳೆಯಿತು. ಮಂಟಪದಲ್ಲಿ ಹೊಸ ಗೂಡಿಲ್ಲ. ಯಜಮಾನರು ಮಾತಿನ ಮನುಷ್ಯ. "ಗೋಡೆ ನಿಮ್ದು," ಎಂದರು. ಆದರೆ ನಮ್ಮ ನಿಜವಾದ ಪರೀಕ್ಷೆ ಉಳಿದೇ ಇತ್ತು. ನಡುವಿನ ಹೆಂಗಸಿನ ಎದೆಯ ಮೇಲಿನ ಆ ಹಳೆಯ ಗೂಡು. ಮಣ್ಣು ಬಣ್ಣವನ್ನು ಕಚ್ಚಿ ಹಿಡಿದಿರುತ್ತದೆ. ಕೀಳಲು ಹೋದರೆ ಬಣ್ಣವೂ ಅದರ ಜೊತೆಗೇ ಕಿತ್ತು ಬರುತ್ತದೆ. ಎಷ್ಟೋ ಗವಿಗಳಲ್ಲಿ ಹಾಗೆ ಬರೀ ಕಲೆ ಉಳಿದಿರುವುದನ್ನು ನಾನೇ ನೋಡಿದ್ದೇನೆ. ಇಷ್ಟೆಲ್ಲ ಗುದ್ದಾಡಿ ಉಳಿಸಿಕೊಂಡ ಹೆಂಗಸು ನಮ್ಮ ಕೈಯಲ್ಲೇ ಹಾಳಾದರೆ? ಸಾಹೇಬರಿಗೆ ಅದೇ ಚಿಂತೆಯಲ್ಲಿ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗೂಡಿನಲ್ಲಿ ದುಂಡನೆಯ ತೂತುಗಳು ಕಂಡವು. ಮರಿಗಳು ಕೊರೆದುಕೊಂಡು ಹಾರಿಹೋಗಿದ್ದವು. ಅಜ್ಜಿ ಬಂದು, ತೂತುಗಳನ್ನು ಕನ್ನಡಕ ಹಾಕಿಕೊಂಡು ನೋಡಿ, "ಹೆರಿಗೆ ಆಯ್ತು, ತಾಯಿ ಮಕ್ಕಳು ಮನೆಗೆ ಹೋದ್ರು. ಇನ್ನು ಬಿಚ್ಕೊಳ್ಳಿ," ಎಂದು ಅಪ್ಪಣೆ ಕೊಟ್ಟರು. ಆದರೆ ಮೊಮ್ಮಗನ ಹೆಂಡತಿಯ ಕಡೆ ಅವರು ಬೀರಿದ ನೋಟದಲ್ಲಿ ಬಾಕಿ ವಸೂಲಿ ಇತ್ತು. ಹುಳ ತನ್ನ ಕೆಲಸ ಮುಗಿಸಿದೆ, ನೀನು? ಪಾಪದ ಹುಡುಗಿ ಕಂಬದ ಹಿಂದೆ ಸರಿದಳು.

ಊರೇ ಬಾಗಿಲಲ್ಲಿ ನೆರೆದಿತ್ತು. ಸಾಹೇಬರು ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಂಡು ಕೂತರು. ಹತ್ತಿಯಲ್ಲಿ ಒಂದೊಂದೇ ಹನಿ ಶುದ್ಧ ನೀರು, ತೆಳುವಾದ ಅಲಗು, ಮೃದುವಾದ ಬ್ರಷ್. ಮಣ್ಣು ನೆನೆದು ಕಾಳು ಕಾಳಾಗಿ ಬಿಡಿಸಿಕೊಂಡಿತು. ನಾನು ಮಾಸ್ಕಿನೊಳಗೂ ಉಸಿರು ಬಿಗಿಹಿಡಿದಿದ್ದೆ. ಮೊದಲು ಒಂದು ಬಳೆ ಕಂಡಿತು, ಹಸಿರು. ಆಮೇಲೆ ಬೆರಳುಗಳು. ಬಣ್ಣ ಕಿತ್ತು ಬಂದಿರಲಿಲ್ಲ, ಗೋಡೆಯಲ್ಲೇ ಇತ್ತು! ಎಲ್ಲೋ ಒಂದು ಕಡೆ ಚೂರು ಕಿತ್ತಿತ್ತು ಅಷ್ಟೆ. ಮಿಕ್ಕ ಗೋಡೆಯೆಲ್ಲ ಮಸಿ ಹಿಡಿದು ಮಂಕಾಗಿದ್ದರೆ, ಗೂಡಿನಡಿಯ ಬಣ್ಣ ನಿನ್ನೆ ಬಳಿದ ಹಾಗೆ.

"ಕೊಡವೋ ಗಿಳಿಯೋ?" ಎಂದು ನಾನು ಪಿಸುಗುಟ್ಟಿದೆ.

ಸಾಹೇಬರು ಹತ್ತಿಯನ್ನು ಮತ್ತೆ ಅದ್ದಿದರು. ಇನ್ನೊಂದು ಹನಿ ನೀರು, ಇನ್ನೊಂದು ಕಾಳು ಮಣ್ಣು. ಅವರ ಕೈ ನಿಂತುಬಿಟ್ಟಿತು.

"ಮೇಡಂ," ಎಂದರು, "ಕೊಡಕ್ಕೆ ಕಾಲಿದೆ."

ಒಂದು ಪುಟ್ಟ ಪಾದ. ಅದಕ್ಕೊಂದು ಗೆಜ್ಜೆ. ಆಮೇಲೆ ಮಡಚಿದ ಮೊಣಕಾಲು, ಅಮ್ಮನ ಸರವನ್ನು ಮುಷ್ಟಿಯಲ್ಲಿ ಹಿಡಿದೆಳೆಯುವ ಕೈ, ಕೊನೆಗೆ ಗುಂಡು ಕೆನ್ನೆಯ ಒಂದು ಮುಖ. ಆ ಹೆಂಗಸು ಇಷ್ಟು ಕಾಲವೂ ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಪೂಜೆಗೆ ಹೊರಟಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಒರೆಸಿಕೊಂಡೆ. ಯಜಮಾನರು ತಾವಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದರು. ನಾಳೆಯಿಂದ ಈ ಗೋಡೆಯನ್ನು ಯಾರಾದರೂ ಒದ್ದೆ ಬಟ್ಟೆಯಲ್ಲಿ ಮುಟ್ಟಿದರೆ ಕೈ ಮುರೀತೀನಿ ಎಂದರು.

ಅಜ್ಜಿ ಗುಂಪು ಸರಿಸಿಕೊಂಡು ಮುಂದೆ ಬಂದರು. ಗೋಡೆಯನ್ನು ನೋಡಿದರು. ಮಗುವನ್ನು ನೋಡಿದರು. ಆಮೇಲೆ ಊರಿನವರ ಕಡೆ ತಿರುಗಿ, ಕೋಲನ್ನು ನೆಲಕ್ಕೆ ಕುಟ್ಟಿದರು.

"ಹೇಳ್ಲಿಲ್ವಾ ನಾನು? ಕಣಜ ಗೂಡು ಕಟ್ಟಿದ ಮನೇಲಿ ಮಗು ಹುಟ್ಟೇ ಹುಟ್ತದೆ!"

ಯಾರು ಎದುರಾಡಿಯಾರು? ಮಗು ಕಣ್ಣೆದುರೇ ಇತ್ತು. ಕಂಬದ ಹಿಂದಿದ್ದ ಹುಡುಗಿಗೆ ಹೋದ ಜೀವ ಬಂದಂತಾಯಿತು. ಯಾರೂ ಹೇಳದೆಯೇ ಮನೆಗೆ ಓಡಿ ಸಕ್ಕರೆ ಡಬ್ಬಿ ತಂದು, ಬಂದವರಿಗೆಲ್ಲ ಎರಡೆರಡು ಹಿಡಿ ಹಂಚಿದಳು. ಅವಳ ಗಂಡನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡು ನಿಟ್ಟುಸಿರು ಬಿಟ್ಟ.

ಅಜ್ಜಿ ಸಕ್ಕರೆ ಚಪ್ಪರಿಸುತ್ತಾ ಸಾಹೇಬರ ಪಕ್ಕ ಬಗ್ಗಿದರು.

"ಅದಿರಲಿ, ಸರಿಯಾಗಿ ನೋಡಿ ಹೇಳಪ್ಪ. ಗಂಡೋ, ಹೆಣ್ಣೋ?"

ಸಾಹೇಬರು ಕನ್ನಡಕ ಏರಿಸಿಕೊಂಡು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಇಡೀ ಊರು ಕಾಯುತ್ತಿತ್ತು.

"ಆ ಜಾಗದಲ್ಲಿ ಇನ್ನೂ ಸ್ವಲ್ಪ ಮಣ್ಣಿದೆ ಅಜ್ಜಿ," ಎಂದರು. "ನಾಳೆ ಬನ್ನಿ."